ಬಿಳಿ ಕುದುರೆಗೆ ನೀಲಿ ಎಷ್ಟು ಹಾಕಬೇಕು?

ಪ್ರಶ್ನೆ: ಭಾನುವಾರ ಪ್ರದರ್ಶನವಿದೆ. ನನ್ನ ಬಿಳಿ ಕುದುರೆಯ ಹಿಂಗಾಲು, ಬಾಲ ಹಳದಿಗೆ ತಿರುಗಿವೆ. ಬಟ್ಟೆ ಒಗೆಯುವ ಸೋಪಿನ ಪುಡಿಯಲ್ಲಿ ತೊಳೆದು ನೀಲಿ ಹಾಕಿದರೆ ಹೊಳೆಯುತ್ತದೆ ಎನ್ನುತ್ತಾರೆ. ಎಷ್ಟು ಹಾಕಬೇಕು?

ಉತ್ತರ: ಹಾಕಲೇಬೇಡಿ. ಹೋದ ವರ್ಷವೂ ಇದನ್ನೇ ಹೇಳಿದ್ದೆ, ಅದರ ಹಿಂದಿನ ವರ್ಷವೂ ಹೇಳಿದ್ದೆ. ಆದರೂ ಪ್ರದರ್ಶನ ಹತ್ತಿರ ಬಂದರೆ ಲಾಯದ ನಲ್ಲಿಯ ಪಕ್ಕ ನೀಲಿ ಬಾಟಲಿಯೊಂದು ಬಂದು ಕುಳಿತಿರುತ್ತದೆ. ಎಷ್ಟು ಎಂದು ಕೇಳುವವರೇ ಎಲ್ಲ, ಏಕೆ ಬೇಡ ಎಂದು ಕೇಳುವವರು ಒಬ್ಬರೂ ಇಲ್ಲ.

ನೀಲಿ ಕೊಳೆಯನ್ನು ತೆಗೆಯುವುದಿಲ್ಲ. ಹಳದಿಯ ಮೇಲೆ ತೆಳುವಾಗಿ ನೀಲಿ ಕೂತರೆ ಕಣ್ಣಿಗೆ ಬಿಳಿಯಾಗಿ ತೋರುತ್ತದೆ, ಅಷ್ಟೇ. ಹಳೆಯ ಪಂಚೆಗೆ ಈ ಉಪಾಯ ಸರಿ, ಅದು ಅಂಚಿನಿಂದ ಅಂಚಿಗೆ ಒಂದೇ ಸಮನೆ ಹಳದಿಯಾಗಿರುತ್ತದೆ. ಕುದುರೆಗೆ ಮಲಗಿದ ಮಗ್ಗುಲಲ್ಲಿ ಲದ್ದಿಯ ಕಲೆ, ಹಿಂಗಾಲಿನ ಕೀಲಿನಲ್ಲಿ ಮೂತ್ರದ ಕಲೆ. ಬೆನ್ನು ಶುಭ್ರವಾಗಿಯೇ ಇರುತ್ತದೆ. ಬಕೆಟ್ಟಿನಲ್ಲಿ ಕಲಸಿ ಮೈಮೇಲೆ ಸುರಿದ ನೀಲಿ ಕಲೆಗೆ ಸಾಲುವುದಿಲ್ಲ, ಬೆನ್ನಿಗೆ ಹೆಚ್ಚಾಗುತ್ತದೆ.

ಇದರ ಜೊತೆಗೆ ನೀರಿನ ಮೋಸ. ನೆನೆದ ಬಿಳಿ ಕುದುರೆ ಸ್ಲೇಟಿನ ಬಣ್ಣಕ್ಕೆ ತಿರುಗುತ್ತದೆ, ಏಕೆಂದರೆ ಒದ್ದೆ ಕೂದಲಿನ ಮೂಲಕ ಅಡಿಯ ಕಪ್ಪು ಚರ್ಮ ಕಾಣುತ್ತದೆ. ಅದನ್ನೇ ಕೊಳೆಯೆಂದುಕೊಂಡು ಎರಡನೆಯ ಬಕೆಟ್, ಮೂರನೆಯ ಬಕೆಟ್ ಸುರಿಯುತ್ತಾರೆ. ನನ್ನ ಬಳಿ ಸವಾರಿ ಕಲಿಯುತ್ತಿದ್ದ ಹುಡುಗನೊಬ್ಬ ಹೀಗೆಯೇ ಮಾಡಿದ. ಸಂಜೆಯ ಮಬ್ಬಿನಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು. ಬೆಳಿಗ್ಗೆ ಬಿಸಿಲಿಗೆ ತಂದು ನಿಲ್ಲಿಸಿದರೆ ಬಾಲ ನೇರಳೆಹಣ್ಣು ತಿಂದ ನಾಲಿಗೆಯ ಹಾಗಿತ್ತು.

ಸೋಪಿನ ಪುಡಿ ಮಾಡುವ ಹಾನಿ ಇದಕ್ಕಿಂತ ದೊಡ್ಡದು. ಕುದುರೆಯ ಚರ್ಮದಿಂದ ಒಸರುವ ಜಿಡ್ಡು ಕೂದಲಿಗೆಲ್ಲ ತೆಳ್ಳಗೆ ಸವರಿಕೊಂಡಿರುತ್ತದೆ. ಮೈ ಹೊಳೆಯುವುದು ಅದರಿಂದ, ಕಲೆ ಕೂದಲಿಗೆ ಇಳಿಯದಂತೆ ತಡೆಯುವುದೂ ಅದೇ. ಬಟ್ಟೆ ಪುಡಿಯ ಕ್ಷಾರ ಆ ಜಿಡ್ಡನ್ನು ಕಿತ್ತು ತೆಗೆದು ಕೂದಲನ್ನು ಒರಟು ಮಾಡುತ್ತದೆ. ಅಂದು ರಾತ್ರಿಯೇ ಕುದುರೆ ಲದ್ದಿಯ ಮೇಲೆ ಮಲಗಿತೆನ್ನಿ, ಹೊಸ ಕಲೆ ಹಳೆಯದಕ್ಕಿಂತ ಆಳಕ್ಕೆ ಹಿಡಿಯುತ್ತದೆ. ಸರಿಯಾಗಿ ತೊಳೆದುಹೋಗದ ಪುಡಿ ಜೀನಿನ ಕೆಳಗೆ ಬೆವರಿನೊಂದಿಗೆ ಬೆರೆತು ಉರಿ ಎಬ್ಬಿಸಿದರೆ ಭಾನುವಾರ ಅದು ನಿಮ್ಮನ್ನು ಬೆನ್ನ ಮೇಲೆ ಕೂರಲು ಬಿಡುವುದೂ ಅನುಮಾನ.

ಸರಿ, ಮಾಡಬೇಕಾದದ್ದು ಇಷ್ಟು. ಶುಕ್ರವಾರ ಬಿಸಿಲಿರುವಾಗ ಕುದುರೆಯ ಶಾಂಪೂ ಹಾಕಿ ತೊಳೆಯಿರಿ, ನೊರೆ ಪೂರ್ತಿ ಹೋಗುವವರೆಗೆ ನೀರು ಬಿಡಿ. ಶನಿವಾರ ಸ್ನಾನ ಬೇಡ. ರಬ್ಬರ್ ಬಾಚಣಿಗೆಯಲ್ಲಿ ಉಜ್ಜಿ, ಬ್ರಷ್ ಹಾಕಿ, ಒಣಬಟ್ಟೆಯಲ್ಲಿ ಚೆನ್ನಾಗಿ ಮಾಲೀಸು ಮಾಡಿ. ರಾತ್ರಿ ಹುಲ್ಲನ್ನು ದಪ್ಪವಾಗಿ ಹಾಸಿ, ಮಲಗುವ ಮುಂಚೆ ಒಮ್ಮೆ, ನಸುಕಿನಲ್ಲಿ ಒಮ್ಮೆ ಎದ್ದು ಹೋಗಿ ಲದ್ದಿ ಎತ್ತಿ. ಈ ಎದ್ದು ಹೋಗುವ ಮಾತು ಬಂದೊಡನೆ ಎಲ್ಲರಿಗೂ ನೀಲಿ ಬಾಟಲಿ ನೆನಪಾಗುತ್ತದೆ! ಅಷ್ಟಾದರೂ ಕಲೆ ಬಿದ್ದರೆ ಬಿಸಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಟವೆಲ್ಲಿನಿಂದ ಒರೆಸಿ. ಕಾಲಿಗೆ ಚೂರು ಕಾರ್ನ್‌ಫ್ಲೋರ್ ತಟ್ಟಿ ಕೊಡವಬಹುದು.

ಬಿಳಿ ಕುದುರೆಗೆ ಕಪ್ಪು ಚರ್ಮ ಹೇಗೆ ಎಂದು ನೀವು ಕೇಳಲಿಲ್ಲ, ಕೇಳಬೇಕಿತ್ತು. ನಾವು ಬಿಳಿ ಎನ್ನುವ ಕುದುರೆಗಳಲ್ಲಿ ಹೆಚ್ಚಿನವು ಕಪ್ಪಾಗಿಯೋ ಕಂದಾಗಿಯೋ ಹುಟ್ಟಿ ವರ್ಷದಿಂದ ವರ್ಷಕ್ಕೆ ನರೆಯುತ್ತವೆ. ವಿಯೆನ್ನಾದ ಸ್ಪ್ಯಾನಿಷ್ ಸವಾರಿ ಶಾಲೆಯ ಹೆಸರಾಂತ ಲಿಪಿಜ್ಜಾನರ್ ಕುದುರೆಗಳೂ ಪೂರ್ತಿ ಬಿಳಿಯಾಗಲು 6ರಿಂದ 10 ವರ್ಷ ಹಿಡಿಯುತ್ತದೆ. ಮದುವೆ ಮೆರವಣಿಗೆಯ, ಗುಲಾಬಿ ಚರ್ಮದ ನುಕ್ರಾ ಕುದುರೆಯ ಲೆಕ್ಕ ಬೇರೆ. ನರೆಯುವ ಕುದುರೆಗಳಲ್ಲಿ ಎಸ್‌ಟಿಎಕ್ಸ್17 ಎಂಬ ವಂಶವಾಹಿಯ ಒಂದು ತುಣುಕು ಒಂದಕ್ಕಿಂತ ಹೆಚ್ಚು ಸಲ ಬಂದಿರುತ್ತದೆ. 2008ರಲ್ಲಿ ಇದು ಗೊತ್ತಾಯಿತು. ಹೀಗೆ ನರೆಸುವ ಬದಲಾವಣೆಯೇ, ವಯಸ್ಸಾದ ಮೇಲೆ ಚರ್ಮದಲ್ಲಿ ಕಪ್ಪು ಗಂಟುಗಳು ಏಳುವ ಅಪಾಯವನ್ನೂ ಹೆಚ್ಚಿಸುತ್ತದೆ. 15 ದಾಟಿದ ಕುದುರೆಗಳಲ್ಲಿ ಅವು ಬಹಳ ಸಾಮಾನ್ಯ, ಅದರಲ್ಲೂ ಬಾಲದ ಅಡಿಯಲ್ಲಿ. ಹೇಗೂ ಶುಕ್ರವಾರ ಬಾಲ ತೊಳೆಯುತ್ತೀರಲ್ಲ, ಬುಡವನ್ನು ಬೆರಳಿನಿಂದ ತಡವಿ ನೋಡಿ. ಅವರೆಕಾಳಿನಷ್ಟು ಗಂಟು ಸಿಕ್ಕರೂ ಪಶುವೈದ್ಯರಿಗೆ ತೋರಿಸಿ.