ಡೆನ್ಮಾರ್ಕ್ ಸಿರಿವಂತವಾದದ್ದು ಅವರು ಹಡಗು ಹತ್ತಿದ ಮೇಲೆ

ಪ್ರಶ್ನೆ: ಅಮೆರಿಕದಲ್ಲಿರುವ ಡೆನ್ಮಾರ್ಕ್ ಮೂಲದವರು ಅಲ್ಲಿನ ಪನಾಮಾ ಮೂಲದವರಿಗಿಂತ ಅನುಕೂಲಸ್ಥರಂತೆ. ಆಯಾ ದೇಶದ ಸಂಸ್ಕೃತಿಯೇ ಇದಕ್ಕೆ ಕಾರಣ, ಅಲ್ಲವೇ?

ಉತ್ತರ: ಈ ಪ್ರಶ್ನೆ ನನಗೆ ಹಳೇ ನೆಂಟ. ಒಮ್ಮೆ ನಾರ್ವೆ ಮತ್ತು ಹೈಟಿ ಎಂದು ಬರುತ್ತದೆ, ಇನ್ನೊಮ್ಮೆ ಸ್ವೀಡನ್ ಮತ್ತು ಮೆಕ್ಸಿಕೊ ಎಂದು. ಊರಿನ ಹೆಸರು ಬದಲಾದರೂ ಬಾಲದಲ್ಲಿರುವ ಆ 'ಅಲ್ಲವೇ' ಬದಲಾಗುವುದಿಲ್ಲ. ಕೇಳುವವರು ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ, ಮೇಷ್ಟ್ರ ರುಜು ಒಂದು ಬೇಕಾಗಿರುತ್ತದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟವನು ನಾನು, ಈ ರುಜು ಹಾಕಲಾರೆ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಹೌದು, ಡೆನ್ಮಾರ್ಕ್ ಮೂಲದವರು ಮುಂದಿದ್ದಾರೆ. ಆದರೆ ನೀವು ಅಂದುಕೊಂಡಷ್ಟು ಅಲ್ಲ. ಒಂದು ಮನೆಯ ವರ್ಷದ ವರಮಾನ ನೋಡಿದರೆ ಪನಾಮಾ ಮೂಲದವರು ಅಮೆರಿಕದ ನಡುಮಟ್ಟದ ಆಸುಪಾಸಿನಲ್ಲಿದ್ದಾರೆ, ಡೆನ್ಮಾರ್ಕ್ ಮೂಲದವರು ಅದಕ್ಕಿಂತ ಸ್ವಲ್ಪ ಮೇಲಿದ್ದಾರೆ. ಅಂತರ ಎದ್ದು ಕಾಣುವುದು ಸ್ವಂತ ಮನೆ, ಉಳಿತಾಯ, ಅಪ್ಪ ಬಿಟ್ಟುಹೋದ ಆಸ್ತಿ, ಇವುಗಳಲ್ಲಿ. ಸಂಬಳ ಈ ತಿಂಗಳಿನ ಮಾತು, ಆಸ್ತಿ ಅಜ್ಜನ ಕಾಲದ ಮಾತು. ಆದ್ದರಿಂದ ಅಜ್ಜನಿಂದಲೇ ಶುರು ಮಾಡಬೇಕು.

ಎಷ್ಟು ಒದ್ದರೂ ಏಳದ ಒಂದು ನಂಬಿಕೆ ಇದೆ: ಡೆನ್ಮಾರ್ಕ್ ಶ್ರೀಮಂತ ದೇಶ, ಹಾಗಾಗಿ ಅಲ್ಲಿಂದ ಹೋದವರು ಶ್ರೀಮಂತರು, ಪನಾಮಾ ಬಡದೇಶ, ಹಾಗಾಗಿ ಅಲ್ಲಿಂದ ಹೋದವರು ಬಡವರು. ಕೇಳಲು ಎಷ್ಟು ನೇರವಾಗಿದೆ! ತೊಂದರೆ ಇಷ್ಟೇ, ಇದರಲ್ಲಿ ಇಸವಿ ಇಲ್ಲ. ಇಸವಿ ಇಲ್ಲದ ಅರ್ಥಶಾಸ್ತ್ರ ತಿಥಿ ಇಲ್ಲದ ಪಂಚಾಂಗ.

ಡೆನ್ಮಾರ್ಕ್‌ನಿಂದ ಅಮೆರಿಕಕ್ಕೆ ಜನ ಹೋದದ್ದು ಯಾವಾಗ? 1850ರಿಂದ 1930ರ ನಡುವೆ, ಸುಮಾರು ಮೂರು ಲಕ್ಷ ಮಂದಿ. ಅತಿ ಹೆಚ್ಚು ಹೋದ ವರ್ಷ 1882. ಹೋದವರು ಯಾರು? ಹೆಚ್ಚಿನವರು ಭೂಮಿಯಿಲ್ಲದ ಕೂಲಿಗಳು, ದೊಡ್ಡ ರೈತರ ಮನೆಯ ಆಳುಗಳು, ಮೂರು ಎಕರೆಯನ್ನು ಐವರು ಮಕ್ಕಳಿಗೆ ಹಂಚಲಾರದ ಮನೆಯ ಕಿರಿಯರು. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತು ಶ್ಲೆಸ್ವಿಗ್ ಪ್ರಾಂತ್ಯ ಕೈಬಿಟ್ಟಿತು. ಅಲ್ಲಿನ ಹುಡುಗರು ಗೆದ್ದ ಜರ್ಮನ್ ರಾಜ್ಯವಾದ ಪ್ರಷ್ಯಾದ ಸೈನ್ಯದ ಸಮವಸ್ತ್ರ ತೊಡುವ ಬದಲು ಹಡಗು ಹತ್ತಿದರು. ಅದಕ್ಕೂ ಮೊದಲು, 1850ರಲ್ಲಿ, ಅಮೆರಿಕದ ಯೂಟಾದಲ್ಲಿ ನೆಲೆಯೂರಿದ್ದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರಕರು ಕೋಪನ್‌ಹೇಗನ್‌ಗೆ ಬಂದಿಳಿದಿದ್ದರು. ಅವರ ಮಾತು ಕೇಳಿ ಸಾವಿರಾರು ಬಡವರು ಯೂಟಾದ ಒಣಭೂಮಿಗೆ ನಡೆದರು. ಡೆನ್ಮಾರ್ಕ್ ಮೂಲದವರ ಪ್ರಮಾಣ ಇವತ್ತಿಗೂ ಯೂಟಾದಲ್ಲೇ ಹೆಚ್ಚು.

ಒಂದೇ ಒಂದು ಉದಾಹರಣೆ. ರೀಬ ಎಂಬ ಊರಿನ ಜೇಕಬ್ ರೀಸ್ 1870ರಲ್ಲಿ ಅಮೆರಿಕಕ್ಕೆ ಬಂದ. ಬಡಗಿ ಕೆಲಸ ಕಲಿತಿದ್ದ. ಕೆಲಸ ಸಿಗದೆ ನ್ಯೂಯಾರ್ಕ್‌ನ ಪೊಲೀಸ್ ಠಾಣೆಗಳಲ್ಲಿ ನಿರ್ಗತಿಕರಿಗೆಂದು ಇಟ್ಟಿದ್ದ ಕೋಣೆಯಲ್ಲಿ ರಾತ್ರಿ ಕಳೆದ. ಇಪ್ಪತ್ತು ವರ್ಷದ ಮೇಲೆ ಅದೇ ನಗರದ ಕೊಳೆಗೇರಿಗಳ ಫೋಟೊ ತೆಗೆದು ಪುಸ್ತಕ ಬರೆದು ದೇಶವನ್ನೇ ಬೆಚ್ಚಿಬೀಳಿಸಿದ. ಇಂಥವನನ್ನು ತೋರಿಸಿ 'ನೋಡಿ, ಡೆನ್ಮಾರ್ಕ್‌ನ ಶಿಸ್ತು' ಎನ್ನುವವರು ಆ ಠಾಣೆಯ ನೆಲದ ಮೇಲೆ ಒಂದು ರಾತ್ರಿ ಮಲಗಿ ಬರಲಿ.

ಇನ್ನು ನೀವೆಲ್ಲ ಕೊಂಡಾಡುವ ಡೆನ್ಮಾರ್ಕ್, ಅಂದರೆ ವೃದ್ಧಾಪ್ಯಕ್ಕೆ ಪಿಂಚಣಿ, ಆಸ್ಪತ್ರೆಗೆ ದುಡ್ಡಿಲ್ಲ, ಕೆಲಸ ಹೋದರೆ ಸರ್ಕಾರ ನೋಡಿಕೊಳ್ಳುತ್ತದೆ ಎನ್ನುವ ಡೆನ್ಮಾರ್ಕ್, ಅದು ಹುಟ್ಟಿದ್ದು ಯಾವಾಗ? ಮುದುಕರಿಗೆ ನೆರವಿನ ಮೊದಲ ಕಾನೂನು 1891ರದು. ದೊಡ್ಡ ಸುಧಾರಣೆ 1933ರಲ್ಲಿ. ಎಲ್ಲರಿಗೂ ಪಿಂಚಣಿ 1956ರಲ್ಲಿ. ಅಷ್ಟರಲ್ಲಿ ಹೋಗುವವರು ಹೋಗಿ, ಅಯೋವಾದಲ್ಲಿ ಮೆಕ್ಕೆಜೋಳ ಬಿತ್ತಿ, ಮೊಮ್ಮಕ್ಕಳನ್ನೂ ಕಂಡು ಆಗಿತ್ತು. ಡೆನ್ಮಾರ್ಕ್ ಸಿರಿವಂತವಾದದ್ದು ಇವರು ಹಡಗು ಹತ್ತಿದ ಮೇಲೆ. ಆ ಸಿರಿಯನ್ನು ಇವರು ಟ್ರಂಕಿನಲ್ಲಿ ತುಂಬಿಕೊಂಡು ಹೋದರು ಎನ್ನುವುದು ಮೊಮ್ಮಗನ ಸಂಬಳದಲ್ಲಿ ಅಜ್ಜನ ಮದುವೆ ಮಾಡಿದಂತೆ.

ನಂಬಿಕೆಯ ಇನ್ನೊಂದು ಕಾಲೂ ಮುರಿದದ್ದೇ. ಪನಾಮಾ ಇವತ್ತು ವಿಶ್ವಬ್ಯಾಂಕಿನ ಹೆಚ್ಚು ವರಮಾನದ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿ ಚಲಾವಣೆಯಲ್ಲಿರುವ ನೋಟು ಅಮೆರಿಕದ ಡಾಲರೇ. ದೇಶದ ಈಗಿನ ಐಶ್ವರ್ಯವೇ ವಲಸೆ ಹೋದವರ ಮಕ್ಕಳಿಗೆ ಅಂಟುವುದಾದರೆ ನಿಮ್ಮ ಪ್ರಶ್ನೆಯೇ ಹುಟ್ಟಬಾರದಿತ್ತು.

ಸಂಸ್ಕೃತಿಗೆ ಏನೂ ಪಾಲಿಲ್ಲ ಎನ್ನುತ್ತಿಲ್ಲ. ಸಹಕಾರಿ ಡೇರಿ ಕಟ್ಟುವುದು ಡೇನರಿಗೆ, ಅಂದರೆ ಡೆನ್ಮಾರ್ಕ್‌ನವರಿಗೆ, ಗೊತ್ತಿತ್ತು, ಹೋದಲ್ಲಿ ಬೆಣ್ಣೆ ಮಾಡಿದರು. ಗ್ರುಂಡ್‌ವಿಗ್ ಎಂಬ ಪಾದ್ರಿಯ ಪ್ರೇರಣೆಯಿಂದ ಹಳ್ಳಿಯ ಯುವಕರಿಗಾಗಿ ಹುಟ್ಟಿದ ಜನತಾ ಶಾಲೆಗಳ ಮಾದರಿ ಅವರ ಜೊತೆ ಹೋಯಿತು. (ಅದೇ ಮಾದರಿ ಇಟ್ಟುಕೊಂಡು ನಮ್ಮ ಮೈಸೂರು ಸೀಮೆಯಲ್ಲೂ ವಯಸ್ಕರ ಶಿಕ್ಷಣ ಸಮಿತಿಯವರು ರೈತರ ಮಕ್ಕಳಿಗೆ ವಿದ್ಯಾಪೀಠಗಳನ್ನು ನಡೆಸಿದರು. ಅದಕ್ಕೆ ಡೇನರ ರಕ್ತವೇನೂ ಬೇಕಾಗಲಿಲ್ಲ.) ಆದರೆ ಬೆಣ್ಣೆಗೆ ಹಸು ಬೇಕು, ಹಸುವಿಗೆ ಹುಲ್ಲು ಬೇಕು, ಹುಲ್ಲಿಗೆ ನೆಲ ಬೇಕು. ನೆಲ ಕೊಟ್ಟವರು ಯಾರು?

ಅಮೆರಿಕ ಸರ್ಕಾರ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಹದಿನೆಂಟು ಡಾಲರ್ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ಇದ್ದು ಉತ್ತರೆ 160 ಎಕರೆ ನಿಮ್ಮದು. ಇನ್ನೂ ನಾಗರಿಕತ್ವ ಸಿಗದವನೂ, ಪಡೆಯುತ್ತೇನೆಂದು ಬರೆದುಕೊಟ್ಟರೆ ಸಾಕಿತ್ತು. ಆ ನೆಲದಲ್ಲಿ ಮೊದಲಿದ್ದ ಮೂಲನಿವಾಸಿಗಳ ಕಥೆ ಬೇರೆ ಇದೆ. ನಮ್ಮಲ್ಲಿ ಬಗರ್‌ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದವರಿಗೆ 160 ಎಕರೆ ಎಂದರೇನು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಾಯ್ದೆಯ ಫಲ ಉಂಡವರಲ್ಲಿ ಬಹುಪಾಲು ಬಿಳಿಯರು. ನೆಬ್ರಾಸ್ಕ, ಮಿನ್ನೆಸೋಟ, ಡಕೋಟಗಳ ಡೇನರೂ ಅವರಲ್ಲಿ ಸೇರಿದ್ದರು.

ಈಗ ಪನಾಮಾಕ್ಕೆ ಬನ್ನಿ. 1904ರಿಂದ 1914ರವರೆಗೆ ಅಮೆರಿಕ ಅಲ್ಲಿ ಕಾಲುವೆ ತೋಡಿಸಿತು. ತೋಡಿದವರಲ್ಲಿ ಹೆಚ್ಚಿನವರು ಬಾರ್ಬಡೋಸ್, ಜಮೈಕಾ ಮೊದಲಾದ ದ್ವೀಪಗಳಿಂದ ಬಂದ ಕಪ್ಪು ಕೂಲಿಗಳು. ಬಾರ್ಬಡೋಸ್‌ನವರ ಕರಾರು ಹೀಗಿತ್ತು: ಗಂಟೆಗೆ ಹತ್ತು ಸೆಂಟ್, ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಆರು ದಿನ. ಬಟವಾಡೆಯಲ್ಲಿ ಎರಡು ಪಟ್ಟಿ. ಅಮೆರಿಕದ ಬಿಳಿಯರಿಗೆ ಚಿನ್ನದ ನಾಣ್ಯದಲ್ಲಿ ಸಂಬಳ, ಅದು 'ಗೋಲ್ಡ್ ರೋಲ್'. ಕೂಲಿಗಳಿಗೆ ಪನಾಮಾದ ಬೆಳ್ಳಿ ನಾಣ್ಯದಲ್ಲಿ, ಅದು 'ಸಿಲ್ವರ್ ರೋಲ್'. ಹೋಗಹೋಗುತ್ತ ಚಿನ್ನ, ಬೆಳ್ಳಿ ಎನ್ನುವುದೇ ಜಾತಿಯ ಹೆಸರಾಯಿತು. ಅಂಚೆ ಕಚೇರಿಯಲ್ಲಿ ಚಿನ್ನದವರ ಕಿಟಕಿ ಬೇರೆ, ಬೆಳ್ಳಿಯವರ ಕಿಟಕಿ ಬೇರೆ. ಕುಡಿಯುವ ನೀರು ಬೇರೆ. ಶಾಲೆ ಬೇರೆ. ಎರಡು ಲೋಟದ ಪದ್ಧತಿ ಕಂಡ ನಾಡಿನವರು ನಾವು, ನಮಗೆ ಇದು ಥಟ್ಟನೆ ಅರ್ಥವಾಗಬೇಕು. ಅಮೆರಿಕದವರು ತೋಡಿಸಿದ ಆ ಹತ್ತು ವರ್ಷದಲ್ಲಿ ಲೆಕ್ಕಕ್ಕೆ ಸಿಕ್ಕ ಸಾವು 5,609. ಅದರಲ್ಲಿ ಬಹುಪಾಲು ಈ ಬೆಳ್ಳಿಯವರೇ.

ಕಾಲುವೆ ಮುಗಿದ ಮೇಲೆ ಇವರ ಮಕ್ಕಳು ಎಲ್ಲಿಯವರು? 1941ರ ಪನಾಮಾ ಸಂವಿಧಾನ, ಸ್ಪ್ಯಾನಿಶ್ ಮನೆಮಾತಲ್ಲದ ಕಪ್ಪು ವಲಸಿಗರ ಮಕ್ಕಳಿಗೆ ಪೌರತ್ವವನ್ನೇ ನಿರಾಕರಿಸಿತು. 1946ರಲ್ಲಿ ಅದನ್ನು ಸರಿಪಡಿಸಿದರು, ಆದರೆ ಹೋದ ನಂಬಿಕೆ ಬರಲಿಲ್ಲ. ಇಂಗ್ಲಿಷ್ ಬಲ್ಲ, ಎರಡು ಕಡೆಯಿಂದಲೂ ತಳ್ಳಿಸಿಕೊಂಡ ಈ ಜನ ನ್ಯೂಯಾರ್ಕ್‌ನ ಬ್ರೂಕ್ಲಿನ್‌ಗೆ ಬಂದರು. ಕಾಲುವೆಯ ಇಕ್ಕೆಲದಲ್ಲಿ ಅಮೆರಿಕದ ಹಿಡಿತದಲ್ಲಿದ್ದ 'ಕಾಲುವೆ ವಲಯ'ದ ಅಮೆರಿಕನ್ ಸೈನಿಕರನ್ನು ಮದುವೆಯಾದ ಹೆಣ್ಣುಮಕ್ಕಳು ಟೆಕ್ಸಾಸ್, ಜಾರ್ಜಿಯಾಗಳ ಸೈನಿಕ ನೆಲೆಗಳ ಪಕ್ಕದ ಊರುಗಳಿಗೆ ಹೋದರು. ಓದಿನ ಹಸಿವು ಇವರಿಗೇನು ಕಡಿಮೆ ಇರಲಿಲ್ಲ. 1953ರಲ್ಲಿ ಬ್ರೂಕ್ಲಿನ್‌ನ ಪನಾಮಾ ಹೆಂಗಸರು 'ಲಾಸ್ ಸೆರ್ವಿದೋರಾಸ್' ಎಂಬ ಸಂಘ ಕಟ್ಟಿ ಮಕ್ಕಳ ಕಾಲೇಜಿಗೆ ದುಡ್ಡು ಕೂಡಿಸಿದರು. ಕಾಲುವೆ ವಲಯದಲ್ಲಿ ಜಮೈಕಾ ಮೂಲದ ತಂದೆತಾಯಿಗೆ 1914ರಲ್ಲಿ ಹುಟ್ಟಿದ ಕೆನೆತ್ ಕ್ಲಾರ್ಕ್ ಮನಶ್ಶಾಸ್ತ್ರಜ್ಞನಾದ. ಅವನೂ ಹೆಂಡತಿ ಮೇಮಿಯೂ ಕಪ್ಪು ಬೊಂಬೆ, ಬಿಳಿ ಬೊಂಬೆ ಇಟ್ಟು ಮಕ್ಕಳ ಮೇಲೆ ಪರೀಕ್ಷೆ ನಡೆಸಿದರು. ಈ ಬಗೆಗಿನ ಅವನ ವರದಿ, ಶಾಲೆಗಳಲ್ಲಿ ಕರಿಯರನ್ನು ಬೇರೆ ಕೂರಿಸುವುದನ್ನು ರದ್ದು ಮಾಡಿದ 1954ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಉಲ್ಲೇಖವಾಯಿತು. 'ಪನಾಮಾದ ಸಂಸ್ಕೃತಿ' ಎಂದು ಮೂಗು ಮುರಿಯುವ ಮೊದಲು ಇವನ ಹೆಸರು ನೆನಪಿರಲಿ.

ಆದರೆ ಬ್ರೂಕ್ಲಿನ್‌ನಲ್ಲಿ 160 ಎಕರೆ ಯಾರೂ ಹಂಚಲಿಲ್ಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಬರೆದು, ಸಾಲ ಕೊಟ್ಟರೆ ಅಪಾಯ ಎನ್ನುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದಿತ್ತು. ಬ್ರೂಕ್ಲಿನ್‌ನಲ್ಲಿ ಕರಿಯರಿದ್ದ ಬೆಡ್‌ಫರ್ಡ್-ಸ್ಟೈವಸೆಂಟ್ ಬಡಾವಣೆ ಕೆಂಪಾಗಿತ್ತು. ಅಲ್ಲಿ ಮನೆಸಾಲ ಹುಟ್ಟುವುದು ಕಷ್ಟ. ಸಾಲವಿಲ್ಲದೆ ಮನೆಯಿಲ್ಲ, ಮನೆಯಿಲ್ಲದೆ ಮಕ್ಕಳಿಗೆ ಬಿಟ್ಟುಹೋಗಲು ಏನೂ ಇಲ್ಲ. ಇದರ ಗುರುತು ಇವತ್ತಿನ ಅಂಕಿಯಲ್ಲೂ ಇದೆ. 2022ರಲ್ಲಿ ಅಮೆರಿಕದ ಬಿಳಿ ಕುಟುಂಬಗಳನ್ನು ಆಸ್ತಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವ ಕುಟುಂಬದ ನಿವ್ವಳ ಆಸ್ತಿ 2,85,000 ಡಾಲರ್. ಕಪ್ಪು ಕುಟುಂಬಗಳಲ್ಲಿ ಅದೇ ಸ್ಥಾನದಲ್ಲಿರುವವರದು 44,900. ಹಿಸ್ಪಾನಿಕ್, ಅಂದರೆ ಸ್ಪ್ಯಾನಿಶ್ ನುಡಿಯ ನಾಡುಗಳ ಮೂಲದ, ಕುಟುಂಬಗಳಲ್ಲಿ 61,600. ಪನಾಮಾ ಮೂಲದವರಲ್ಲಿ ಅನೇಕರು ಕಪ್ಪೂ ಹೌದು, ಹಿಸ್ಪಾನಿಕ್ಕೂ ಹೌದು.

ಇನ್ನೊಂದು ಸಣ್ಣ ಕೊಕ್ಕೆ. ಒಂದು ಮನೆಯ ವರಮಾನ ಎಂದಾಗ ಆ ಮನೆಯಲ್ಲಿ ದುಡಿಯುವವರು ಎಷ್ಟು, ಉಣ್ಣುವವರು ಎಷ್ಟು, ಬಾಡಿಗೆ ಎಷ್ಟು ಎಂದು ಕೇಳಿ. ಅಯೋವಾದ ಹಳ್ಳಿಯ ಡಾಲರೂ ಬ್ರೂಕ್ಲಿನ್‌ನ ಡಾಲರೂ ಒಂದೇ ಅಳತೆಯಲ್ಲ, ನಮ್ಮ ಗುಬ್ಬಿಯ ಹತ್ತು ಸಾವಿರ ಇಂದಿರಾನಗರದ ಹತ್ತು ಸಾವಿರ ಅಲ್ಲದ ಹಾಗೆ.

ಅಷ್ಟಕ್ಕೂ 'ಡೆನ್ಮಾರ್ಕ್ ಮೂಲದವರು' ಎಂದರೆ ಯಾರು? ಜನಗಣತಿಯವರು ಕೇಳುವುದು ನಿಮ್ಮ ಪೂರ್ವಜರು ಎಲ್ಲಿಯವರು ಎಂದು, ಬರೆಯುವುದು ನೀವೇ. 2000ದ ಗಣತಿಯಲ್ಲಿ 14 ಲಕ್ಷಕ್ಕೂ ಹೆಚ್ಚು ಜನ ಡೆನ್ಮಾರ್ಕ್ ಎಂದು ಬರೆದರು. 2010ರಲ್ಲಿ ಪನಾಮಾ ಎಂದವರು 1,65,456. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆಬ್ರಾಸ್ಕದ ಒಮಾಹಾದಲ್ಲಿದ್ದಾನೆ. ಅವನ ಪಕ್ಕದ ಮನೆಯಾಕೆ ಕ್ರಿಸ್‌ಮಸ್ ಮರಕ್ಕೆ ಡೆನ್ಮಾರ್ಕ್‌ನ ಪುಟ್ಟ ಬಾವುಟಗಳ ಸರ ಕಟ್ಟಿ, ಏಬಲ್‌ಸ್ಕೀವರ್ ಎಂಬ ಉಂಡೆ ತಿಂಡಿ ಮಾಡಿ ಇವರನ್ನು ಕರೆದಳಂತೆ. ಹಂಚು ನೋಡಿ ಇವನ ಹೆಂಡತಿ 'ಅಯ್ಯೋ, ಇದು ನಮ್ಮ ಪಡ್ಡಿನ ಹಂಚು!' ಎಂದು ಕೂಗಿಬಿಟ್ಟಳು. ಅದೇ ಎರಕದ ಕಬ್ಬಿಣ, ಅದೇ ಕುಳಿ, ಕಡ್ಡಿಯಲ್ಲಿ ಚುಚ್ಚಿ ತಿರುಗಿಸುವುದೂ ಅದೇ. ಒಳಗೆ ಈರುಳ್ಳಿ, ಹಸಿಮೆಣಸಿನಕಾಯಿ ಇಲ್ಲ, ಮೇಲೆ ಸಕ್ಕರೆ ಪುಡಿ. ಆ ಮಹಾತಾಯಿಯ ಎಂಟು ಮುತ್ತಜ್ಜ ಮುತ್ತಜ್ಜಿಯರಲ್ಲಿ ಡೆನ್ಮಾರ್ಕ್‌ನವನು ಒಬ್ಬ, ಉಳಿದವರು ಜರ್ಮನಿ, ಐರ್ಲೆಂಡ್‌ನವರು. ಆದರೂ ಅರ್ಜಿಯಲ್ಲಿ ಬರೆಯುವುದು ಡೆನ್ಮಾರ್ಕ್ ಅಂತಲೇ, ಅದು ಅವಳಿಗೆ ಇಷ್ಟ. ಅಯೋವಾದ ಎಲ್ಕ್ ಹಾರ್ನ್ ಎಂಬ ಹಳ್ಳಿಯವರು 1976ರಲ್ಲಿ ಡೆನ್ಮಾರ್ಕ್‌ನಿಂದ 1848ರ ಗಾಳಿಗಿರಣಿಯೊಂದನ್ನು ಬಿಚ್ಚಿಸಿ, ಹಡಗಿನಲ್ಲಿ ತಂದು, ತಮ್ಮೂರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಅಂಥ ಮೂಲ ಹಬ್ಬಕ್ಕೆ ಉಡುವ ಸೀರೆ, ಬೇಕಾದಾಗ ಉಟ್ಟು ಮಡಚಿಡಬಹುದು. ಬ್ರೂಕ್ಲಿನ್‌ನ ಕಪ್ಪು ಪನಾಮಿಯನ್ನನಿಗೆ ಆ ಸೌಲಭ್ಯ ಇಲ್ಲ, ಬ್ಯಾಂಕಿನವನು ಅರ್ಜಿ ಓದುವ ಮೊದಲು ಮುಖ ನೋಡಿರುತ್ತಾನೆ.

ಇಷ್ಟು ಹೇಳಿದ ಮೇಲೆ ನೀವು ಕೇಳದೇ ಇರುವ ಪ್ರಶ್ನೆ ನನಗೆ ಕೇಳಿಸುತ್ತಿದೆ. 'ಹಾಗಾದರೆ ಮೇಷ್ಟ್ರೇ, ಅಮೆರಿಕದಲ್ಲಿ ನಮ್ಮ ಭಾರತೀಯರೇ ಎಲ್ಲರಿಗಿಂತ ಮೇಲಲ್ಲವೇ? ಅದು ನಮ್ಮ ಸಂಸ್ಕಾರ ತಾನೇ?' ಮೇಲಿನ ಸಾಲಿನಲ್ಲಿರುವುದು ನಿಜ. 2019ರಲ್ಲೇ ಭಾರತೀಯ ಮೂಲದ ಮನೆಗಳ ನಡುಮಟ್ಟದ ವರಮಾನ ಸುಮಾರು 1,19,000 ಡಾಲರ್ ಇತ್ತು, ನಿಮ್ಮ ಡೇನರ ವರಮಾನವೂ ಅದಕ್ಕಿಂತ ಕಡಿಮೆಯೇ. ಆದರೆ ಆ ಸಂಸ್ಕಾರ 1923ರಲ್ಲಿ ಎಲ್ಲಿ ಹೋಗಿತ್ತು? ಆ ವರ್ಷ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಅಮೆರಿಕದ ಸೈನ್ಯದಲ್ಲಿ ದುಡಿದಿದ್ದವನು, ನೀನು ಬಿಳಿಯನಲ್ಲ ಎಂದು ಸುಪ್ರೀಂ ಕೋರ್ಟಿನಲ್ಲೇ ಪೌರತ್ವ ಕಳೆದುಕೊಂಡ. ಕ್ಯಾಲಿಫೋರ್ನಿಯಾದ ಪಂಜಾಬಿ ರೈತರು ತಮ್ಮ ಹೆಸರಿನಲ್ಲಿ ಜಮೀನು ಇಟ್ಟುಕೊಳ್ಳುವಂತಿರಲಿಲ್ಲ. ಅವರೂ ಭಾರತೀಯರೇ, ಅವರ ಮನೆಯಲ್ಲೂ ಬೆಳಗ್ಗೆ ಎದ್ದು ದೇವರಿಗೆ ಕೈ ಮುಗಿಯುತ್ತಿದ್ದರು.

1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾಯಿತು. 1990ರಲ್ಲಿ ಎಚ್-1ಬಿ ವೀಸಾ ಬಂತು. ಆ ಬಾಗಿಲಲ್ಲಿ ಡಿಗ್ರಿ ಇಲ್ಲದವರನ್ನು ಬಿಟ್ಟುಕೊಳ್ಳುವುದಿಲ್ಲ. ಮಂಡ್ಯದ ಕಬ್ಬಿನ ಗದ್ದೆಯ ಕೂಲಿಯನ್ನೂ ರಾಯಚೂರಿನ ಗುಳೆ ಹೋಗುವ ಕುಟುಂಬವನ್ನೂ ಈ ಕಡೆಯೇ ಬಿಟ್ಟು, ಸಿಇಟಿಯಲ್ಲಿ ಸೀಟು ಗಿಟ್ಟಿಸಿ ಎಂಜಿನಿಯರಿಂಗ್ ಮುಗಿಸಿದವರನ್ನಷ್ಟೇ ವಿಮಾನ ಹತ್ತಿಸಿ, ಆಮೇಲೆ ಅಲ್ಲಿ ಸರಾಸರಿ ತೆಗೆದರೆ ಎಷ್ಟು ಬರಬೇಕೋ ಅಷ್ಟೇ ಬಂದಿದೆ. ಅಕ್ಕಿ ಜರಡಿ ಹಿಡಿದವರು ನುಚ್ಚನ್ನು ಕೆಳಗೆ ಬಿಟ್ಟು, ಮೇಲೆ ಉಳಿದ ಕಾಳು ತೋರಿಸಿ 'ನಮ್ಮ ಗದ್ದೆಯಲ್ಲಿ ನುಚ್ಚೇ ಬೆಳೆಯುವುದಿಲ್ಲ' ಎನ್ನುತ್ತಾರೆಯೇ?

ಮುಂದಿನ ವಾರ ಯಾರೋ ಸ್ವಿಟ್ಜರ್ಲೆಂಡ್ ಮತ್ತು ಹೊಂಡುರಾಸ್ ಎಂದು ಬರೆದು ಕಳಿಸುತ್ತಾರೆ, ಗೊತ್ತಿದೆ. ಕಳಿಸಿ. ಜೊತೆಗೆ ಯಾವ ಇಸವಿಯಲ್ಲಿ ಹೋದವರು, ಯಾವ ಬಾಗಿಲಿನಿಂದ ಒಳಗೆ ಬಂದವರು ಎಂದು ನೀವೇ ಹುಡುಕಿ ಒಂದು ಸಾಲು ಬರೆಯಿರಿ. ಆ ಸಾಲು ಇಲ್ಲದ ಪ್ರಶ್ನೆಗೆ ಇನ್ನು ಮುಂದೆ ಈ ಪುಟವನ್ನೇ ಮಡಚಿ ವಾಪಸು ಕಳಿಸುತ್ತೇನೆ.