ಮನೆಯಲ್ಲಿ ಇಂಟರ್ನೆಟ್ ಫೋನ್: ಪೆಟ್ಟಿಗೆಯೊಳಗೆ ನಡೆಯುವುದೇನು?

ಫೈಬರ್ ಇಂಟರ್ನೆಟ್ ಹಾಕಿಸಿದರೆ ಈಗ ಜೊತೆಗೇ ಒಂದು ಲ್ಯಾಂಡ್‌ಲೈನ್ ನಂಬರೂ ಸಿಗುತ್ತದೆ. ಬೆಂಗಳೂರಾದರೆ 080, ಮೈಸೂರಾದರೆ 0821. ನಂಬರ್ ನೋಡಿದರೆ ಹಳೇ ಫೋನೇ. ಆದರೆ ಕೆಲಸ ಮಾಡುವ ರೀತಿ ಪೂರ್ತಿ ಬೇರೆ. ನೆಟ್‌ವರ್ಕಿಂಗ್ ಓದುತ್ತಿರುವ ನಮಗೆ ಮನೆಯಲ್ಲೇ ಸಿಗುವ ಒಳ್ಳೆಯ ಪಾಠ ಇದು.

ಮೊದಲು ತಂತಿಯ ವಿಷಯ. ಹಳೇ ತಾಮ್ರದ ಲೈನಿನಲ್ಲಿ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ಡಿಸಿ ಬರುತ್ತಿತ್ತು. ಅಲ್ಲಿ ಬ್ಯಾಟರಿ ಇದ್ದುದರಿಂದ ಮನೆಯಲ್ಲಿ ಕರೆಂಟ್ ಹೋದರೂ ಫೋನ್ ನಡೆಯುತ್ತಿತ್ತು. ಈಗ ಫೋನಿಗೆ ವೋಲ್ಟೇಜ್ ಕೊಡುವ ಕೆಲಸವನ್ನು ಗೋಡೆಗೆ ಹಾಕಿದ ಫೈಬರ್ ಪೆಟ್ಟಿಗೆ, ಅಂದರೆ ಒಎನ್‌ಟಿ, ಮಾಡುತ್ತದೆ. ಅದರಲ್ಲಿ ಟೆಲ್, ಫೋನ್ ಅಥವಾ ಪಾಟ್ಸ್ ಎಂದು ಬರೆದ ಸಣ್ಣ ಕಿಂಡಿ ಇರುತ್ತದೆ. ಓದಿನ ಭಾಷೆಯಲ್ಲಿ ಅದು ಎಫ್‌ಎಕ್ಸ್‌ಎಸ್ ಪೋರ್ಟ್. ಫೋನಿಗೆ ಬೇಕಾದ ವೋಲ್ಟೇಜ್, ಡಯಲ್ ಟೋನ್, ರಿಂಗ್ ಎಲ್ಲವನ್ನೂ ಕೊಡುವುದು ಅದೇ. ಫೋನಿಗೆ ಆರ್‌ಜೆ11 ಪಿನ್, ಕಂಪ್ಯೂಟರಿಗೆ ಆರ್‌ಜೆ45. ಸಣ್ಣ ಪಿನ್ ದೊಡ್ಡ ಕಿಂಡಿಯೊಳಗೂ ಹೋಗಿಬಿಡುತ್ತದೆ, ಹಾಗಾಗಿ ಹೆಸರು ಓದಿಯೇ ಚುಚ್ಚಿ.

ಗೋಡೆಯೊಳಗಿನ ಹಳೇ ಫೋನ್ ವೈರಿಂಗನ್ನೇ ಬಳಸಿ ಇನ್ನೊಂದು ಕೋಣೆಗೆ ಲೈನ್ ಕೊಡಬಹುದು. ಆದರೆ ಹೊರಗಿನಿಂದ ಬರುವ ತಾಮ್ರದ ಜೋಡಿಯನ್ನು ಮೊದಲು ಬಿಚ್ಚಲೇಬೇಕು. ಎರಡೂ ಕಡೆಯಿಂದ ವೋಲ್ಟೇಜ್ ಬಂದರೆ ಪೆಟ್ಟಿಗೆಯ ಪೋರ್ಟ್ ಸುಟ್ಟುಹೋಗಬಹುದು.

ಇನ್ನು ಕರೆ ಹೇಗೆ ಹೋಗುತ್ತದೆ? ಇಲ್ಲಿ ಎರಡು ಪ್ರೋಟೋಕಾಲ್, ಅಂದರೆ ಯಂತ್ರಗಳು ಮಾತಾಡಿಕೊಳ್ಳುವ ನಿಯಮಗಳು, ಇವೆ. ಪರೀಕ್ಷೆಯಲ್ಲಿ ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದೂ ಇಲ್ಲೇ. ಕರೆ ಹಚ್ಚುವುದು, ಕತ್ತರಿಸುವುದು ಸಿಪ್ ಕೆಲಸ. ಮಾತನ್ನು ಹೊರುವುದು ಆರ್‌ಟಿಪಿ ಕೆಲಸ. ಪೆಟ್ಟಿಗೆ ಆನ್ ಆದ ಕೂಡಲೇ ಸರ್ವರಿಗೆ 'ರಿಜಿಸ್ಟರ್' ಸಂದೇಶ ಕಳಿಸುತ್ತದೆ. ಸರ್ವರ್ ಸಾಮಾನ್ಯವಾಗಿ ಮೊದಲು 401 ಎನ್ನುತ್ತದೆ, ಅಂದರೆ ನೀನು ಯಾರೆಂದು ತೋರಿಸು ಅಂತ. ಸರಿಯಾದ ಉತ್ತರ ಹೋದರೆ 200 ಓಕೆ ಬರುತ್ತದೆ. ಪೆಟ್ಟಿಗೆ ಬರೆದಿಡುವ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ, 401 ಕಂಡ ಕೂಡಲೇ ಪಾಸ್‌ವರ್ಡ್ ತಪ್ಪು ಅಂದುಕೊಳ್ಳಬೇಡಿ. ಅದು ಮತ್ತೆ ಮತ್ತೆ ಬರುತ್ತಿದ್ದರೆ ಮಾತ್ರ ಅನುಮಾನ ಪಡಿ. ಕಂಪನಿ ಕೊಟ್ಟ ಪೆಟ್ಟಿಗೆಯಲ್ಲಿ ಈ ವಿವರವೆಲ್ಲ ಸಾಮಾನ್ಯವಾಗಿ ಮೊದಲೇ ತುಂಬಿರುತ್ತದೆ. ಸಾದಾ ಫೋನನ್ನು ಇಂಟರ್ನೆಟ್ಟಿಗೆ ಜೋಡಿಸುವ ಬೇರೆ ಫೋನ್ ಅಡಾಪ್ಟರ್ ಕೊಂಡು ಹಾಕುವುದಾದರೆ ಯೂಸರ್‌ನೇಮ್, ಪಾಸ್‌ವರ್ಡ್, ಸರ್ವರ್ ವಿಳಾಸ ನಾವೇ ತುಂಬಬೇಕು. ಸಿಪ್‌ನ ಮಾಮೂಲಿ ಪೋರ್ಟ್ ನಂಬರ್ 5060; ಈ ಪೋರ್ಟ್ ಪಿನ್ ಚುಚ್ಚುವ ಕಿಂಡಿಯಲ್ಲ, ಸಾಫ್ಟ್‌ವೇರಿನ ಬಾಗಿಲಿನ ನಂಬರ್.

ರಿಂಗ್ ಆಗುತ್ತದೆ, ಎತ್ತಿದರೆ ಒಂದು ಕಡೆಯ ಮಾತು ಮಾತ್ರ ಕೇಳುತ್ತದೆ. ಈ ತೊಂದರೆ ಯಾಕೆ ಬರುತ್ತದೆ ಅಂತ ಈಗ ಊಹಿಸಬಹುದು ಅಲ್ವಾ? ಸಾಮಾನ್ಯವಾಗಿ ಸಿಪ್ ದಾಟಿರುತ್ತದೆ, ಆರ್‌ಟಿಪಿ ರೂಟರಿನ ನ್ಯಾಟ್‌ನಲ್ಲಿ, ಅಂದರೆ ಮನೆಯೊಳಗಿನ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ಕಡೆ, ಸಿಕ್ಕಿಕೊಂಡಿರುತ್ತದೆ. ನಮ್ಮದೇ ಅಡಾಪ್ಟರ್ ರೂಟರಿನ ಹಿಂದೆ ಇದ್ದರೆ, ರೂಟರಿನ 'ಸಿಪ್ ಎಎಲ್‌ಜಿ' ಆಯ್ಕೆಯನ್ನು ಆಫ್ ಮಾಡಿ ನೋಡಿ. ಸಿಪ್ ಸಂದೇಶಗಳು ನ್ಯಾಟ್ ದಾಟಲಿ ಎಂದು ಸಹಾಯಕ್ಕೆ ಇಟ್ಟ ಆಯ್ಕೆ ಅದು, ಬಹಳ ಸಲ ಕೆಡಿಸುವುದೇ ಜಾಸ್ತಿ.

ಇದಕ್ಕೆ ಎಷ್ಟು ವೇಗ ಬೇಕು? ಲೆಕ್ಕ ಹಾಕಿಯೇ ನೋಡೋಣ. ದನಿಯನ್ನು ಅಂಕಿಗಳಾಗಿ ಬದಲಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಜಿ.711 ಎಂಬ ಕೋಡೆಕ್ ದನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತದೆ, ಪ್ರತಿ ಸಲ 8 ಬಿಟ್. ಒಟ್ಟು 64 ಕೆಬಿಪಿಎಸ್. ಇದನ್ನು ಸಣ್ಣ ಸಣ್ಣ ಕಟ್ಟುಗಳಾಗಿ, ಅಂದರೆ ಪ್ಯಾಕೆಟ್‌ಗಳಾಗಿ, ಕಳಿಸುತ್ತಾರೆ. 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್ ಎಂದರೆ ಅದರಲ್ಲಿ 160 ಬೈಟ್ ದನಿ. ಅದರ ಮೇಲೆ ವಿಳಾಸ ಚೀಟಿಯಂಥ ಹೆಡರ್, ಪ್ರತಿ ಪ್ರೋಟೋಕಾಲಿಗೆ ಒಂದೊಂದು: ಆರ್‌ಟಿಪಿ 12 ಬೈಟ್, ಅದನ್ನು ಸಾಗಿಸುವ ಯುಡಿಪಿ 8, ಐಪಿ 20. ಒಟ್ಟು 200 ಬೈಟ್, ಸೆಕೆಂಡಿಗೆ 50 ಪ್ಯಾಕೆಟ್. ಅಲ್ಲಿಗೆ 80 ಕೆಬಿಪಿಎಸ್. 100 ಎಂಬಿಪಿಎಸ್ ಪ್ಲಾನಿನಲ್ಲಿ ಇದು ಏನೂ ಅಲ್ಲ. ಹಾಗಾಗಿ ದನಿ ಕತ್ತರಿಸಿ ಬಂದರೆ ಸುಮ್ನೆ ದೊಡ್ಡ ಪ್ಲಾನಿಗೆ ದುಡ್ಡು ಸುರಿಯಬೇಡಿ. ಪ್ಯಾಕೆಟ್‌ಗಳು ಒಂದೇ ಅಂತರದಲ್ಲಿ ಬರುತ್ತಿಲ್ಲ ಅನ್ನುವುದು ಬಹಳ ಸಲ ಅಲ್ಲಿನ ತೊಂದರೆ. ಇದೇ ಜಿಟರ್. ದನಿ ತಲುಪಲು ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ಒಳಗಿದ್ದರೆ ಚೆಂದ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯು ಹೇಳುತ್ತದೆ. ಅದು ತೀರಾ ಮೀರಿದರೆ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ, ಒಟ್ಟಿಗೆ ನಿಲ್ಲಿಸಿ, 'ಹಾಂ ಹೇಳಿ ಹೇಳಿ' ಅನ್ನುತ್ತಿರುತ್ತಾರೆ.

ಕರೆಂಟ್ ಹೋದಾಗ ಒಎನ್‌ಟಿ ಸತ್ತರೆ ಫೋನೂ ಸತ್ತಂತೆ. ನನ್ನ ಪ್ರಕಾರ ಮನೆಯಲ್ಲಿ ವಯಸ್ಸಾದವರು ಇದ್ದರೆ ರೂಟರಿನ ಮಿನಿ ಯುಪಿಎಸ್ ಇಲ್ಲದೆ ಈ ಫೋನನ್ನು ನಂಬಿಕೊಳ್ಳಬಾರದು. ಕೊಳ್ಳುವ ಮೊದಲು ಒಎನ್‌ಟಿಯ ಕರೆಂಟ್ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಕಾರ್ಡ್‌ಲೆಸ್ ಫೋನಿನ ಬೇಸಿಗೂ ಕರೆಂಟ್ ಬೇಕು, ಆದ್ದರಿಂದ ತಂತಿ ಇರುವ ಒಂದು ಸಾದಾ ಫೋನ್ ಇಟ್ಟಿರಿ. ಒಂದು ಫೈಬರನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ ಜಿಪಾನ್; ದಾರಿಯಲ್ಲಿರುವ ಅದರ ಸ್ಪ್ಲಿಟರ್‌ಗಳಿಗೆ ಮಾತ್ರ ಕರೆಂಟೇ ಬೇಡ, ಬೆಳಕನ್ನು ಹಂಚುವುದಷ್ಟೇ ಅವುಗಳ ಕೆಲಸ.

ಎಲ್ಲ ಸರಿಯಿದ್ದೂ ಮೊಬೈಲಿಗೆ ಕರೆ ಹೋಗದಿದ್ದರೆ ನಂಬರಿನ ಮುಂದೆ 0 ಹಾಕಿದ್ದೀರಾ ನೋಡಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಅದು ಕಡ್ಡಾಯ. ಬೆರಳು ಹಾಕಿ ತಿರುಗಿಸುವ ಹಳೇ ಡಯಲ್ ಫೋನ್ ಜೋಡಿಸುವ ಆಸೆ ಇದ್ದರೆ ಇನ್ನೊಂದು ಮಾತು: ಡಯಲ್ ಟೋನ್ ಬರುತ್ತದೆ, ರಿಂಗೂ ಆಗಬಹುದು, ಆದರೆ ಬಹಳಷ್ಟು ಪೆಟ್ಟಿಗೆಗಳಿಗೆ ಪಲ್ಸ್ ಡಯಲಿಂಗ್, ಅಂದರೆ ಲೈನನ್ನು ಕಡಿದು ಕಡಿದು ನಂಬರ್ ಹೇಳುವ ಹಳೇ ರೀತಿ, ಅರ್ಥವಾಗುವುದಿಲ್ಲ. ಅಂಥ ಕಡೆ ಬಂದ ಕರೆ ಎತ್ತುವುದಕ್ಕಷ್ಟೇ ಅದು.