ಗುಟ್ಟು ರಟ್ಟಾದರೆ ಪೆಟ್ಟು ಹಳೇ ಮಾಲಿಗೆ

2010ರ ಮಾರ್ಚ್. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಒಂದು ಬಾರಿನಲ್ಲಿ ಆಪಲ್ ಎಂಜಿನಿಯರ್ ಒಬ್ಬರು ಫೋನ್ ಮರೆತು ಎದ್ದುಹೋದರು. ನೋಡಿದರೆ ಮಾಮೂಲಿ ಐಫೋನ್ 3ಜಿಎಸ್. ಮೇಲಿನ ಕವರ್ ಬಿಚ್ಚಿದರೆ ಒಳಗಿದ್ದದ್ದು ಬೇರೆಯದೇ: ಹಿಂದೆ ಮುಂದೆ ಗಾಜು, ಸುತ್ತ ಲೋಹದ ಪಟ್ಟಿ, ಎದುರಿಗೂ ಒಂದು ಕ್ಯಾಮೆರಾ. ಗಿಜ್ಮೋಡೊ ಜಾಲತಾಣ 5,000 ಡಾಲರ್ ಕೊಟ್ಟು ಅದನ್ನು ಕೊಂಡು, ಏಪ್ರಿಲ್ 19ರಂದು ಒಂದೊಂದೇ ಭಾಗ ಬಿಚ್ಚಿ ಜಗತ್ತಿಗೆಲ್ಲ ತೋರಿಸಿತು. ಜೂನ್‌ನಲ್ಲಿ ಅದೇ ಐಫೋನ್ 4 ಅನ್ನು ವೇದಿಕೆಗೆ ತಂದ ಆಪಲ್‌ನ ಆಗಿನ ಮುಖ್ಯಸ್ಥ ಸ್ಟೀವ್ ಜಾಬ್ಸ್, ಇದನ್ನು ಮೊದಲೇ ನೋಡಿದ್ದರೆ ನನ್ನನ್ನು ತಡೀರಿ ಅಂತ ತಮಾಷೆ ಮಾಡಿದರು. ಮೊದಲ ಮೂರು ದಿನದಲ್ಲಿ 17 ಲಕ್ಷ ಫೋನ್ ಖರ್ಚಾದವು.

ಇದನ್ನು ನೋಡಿದವರು ಲೀಕ್ ಅಂದರೆ ಪುಕ್ಕಟೆ ಜಾಹೀರಾತು ಅಂತಾರೆ. ಅರ್ಧ ನಿಜ. ಆದರೆ ಹೊಸ ಮಾಲು ಎಷ್ಟು ಹೋಯಿತು ಅಂತ ಲೆಕ್ಕ ಹಾಕಿದರೆ ಸಾಲದು. ಆ ಹೊತ್ತಿಗೆ ಅಂಗಡಿಯಲ್ಲಿ ಕೂತಿದ್ದ ಹಳೇ ಮಾಲಿಗೆ ಏನಾಯಿತು ಅಂತಲೂ ಕೇಳಬೇಕು ಅಲ್ವಾ?

ಈ ಪ್ರಶ್ನೆಗೆ ಎಲ್ಲರೂ ಹೇಳುವ ಕಥೆ ಆಸ್ಬೋರ್ನ್ ಕಂಪನಿಯದು. 1981ರಲ್ಲಿ ಬಂದ ಆಸ್ಬೋರ್ನ್ 1, ಜೊತೆಯಲ್ಲಿ ಒಯ್ಯಬಹುದಾದ ಕಂಪ್ಯೂಟರ್. ಒಯ್ಯುವುದೇನು, ಹೊರುವುದು ಅನ್ನಬೇಕು: ಸುಮಾರು 11 ಕಿಲೋ ತೂಕ, ಹೊಲಿಗೆ ಯಂತ್ರದ ಪೆಟ್ಟಿಗೆಯಂಥ ಆಕಾರ, ನಡುವೆ 5 ಇಂಚಿನ ಪುಟ್ಟ ಪರದೆ. ಬೆಲೆ 1,795 ಡಾಲರ್. ಚೆನ್ನಾಗಿಯೇ ಮಾರಾಟವಾಯಿತು. ಆದರೆ ಮುಂದಿನ ಮಾದರಿ ಎಕ್ಸಿಕ್ಯುಟಿವ್ ಅಂಗಡಿಗೆ ಬರುವ ಮೊದಲೇ ಅದರ ಸುದ್ದಿ ಹಬ್ಬಿತು. ಬಿಟ್ಟವರು ಬೇರೆ ಯಾರೂ ಅಲ್ಲ, ಸ್ಥಾಪಕ ಆಡಮ್ ಆಸ್ಬೋರ್ನ್ ಅವರೇ. ಹೊಸದು ಬರುತ್ತಿರುವಾಗ ಹಳೆಯದನ್ನು ಯಾಕೆ ತರಿಸಬೇಕು ಅಂತ ಡೀಲರ್‌ಗಳು ಆರ್ಡರ್ ನಿಲ್ಲಿಸಿದರು. ಹೊಸದನ್ನು ತಯಾರಿಸುವ ದುಡ್ಡು ಹಳೆಯದರ ಮಾರಾಟದಿಂದಲೇ ಬರಬೇಕಿತ್ತು. 1983ರ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿ. ಇವತ್ತಿಗೂ ಇದಕ್ಕೆ ಆಸ್ಬೋರ್ನ್ ಎಫೆಕ್ಟ್ ಅನ್ನುತ್ತಾರೆ. ಬರೀ ಬಾಯಿಬಿಟ್ಟಿದ್ದರಿಂದಲೇ ಮುಳುಗಿತು ಅನ್ನುವುದನ್ನು ಒಪ್ಪದವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಅಷ್ಟರಲ್ಲಿ ಎದುರಾಳಿ ಕೇಪ್ರೊ ಕಂಪನಿ ಹೆಚ್ಚುಕಡಿಮೆ ಅದೇ ಬೆಲೆಗೆ 9 ಇಂಚಿನ ಪರದೆ ಕೊಡುತ್ತಿತ್ತು.

ಆಪಲ್ ಈ ಲೆಕ್ಕ ಚೆನ್ನಾಗಿ ಬಲ್ಲದು. ಗುಟ್ಟಿಗೆ ಹೆಸರಾದ ಅದೇ ಕಂಪನಿ ಮೊದಲ ಐಫೋನನ್ನು ಮಾತ್ರ 2007ರ ಜನವರಿಯಲ್ಲೇ, ಮಾರಾಟಕ್ಕೆ ಸುಮಾರು ಆರು ತಿಂಗಳ ಮೊದಲೇ ತೋರಿಸಿಬಿಟ್ಟಿತು. ಅಮೆರಿಕದ ದೂರಸಂಪರ್ಕ ನಿಯಂತ್ರಕರ ಒಪ್ಪಿಗೆಗೆ ಕಳಿಸಿದರೆ ಕಾಗದಪತ್ರದಿಂದಲೇ ವಿಷಯ ಹೊರಬೀಳುತ್ತದೆ, ಅದಕ್ಕೆ ನಾವೇ ಹೇಳುತ್ತಿದ್ದೇವೆ ಅಂತ ಜಾಬ್ಸ್ ವೇದಿಕೆಯಲ್ಲೇ ವಿವರಿಸಿದರು. ಧೈರ್ಯ ಎಲ್ಲಿಂದ ಬಂತು? ಮಾರಾಟ ನಿಂತುಹೋಗಲು ಹಳೇ ಐಫೋನ್ ಒಂದೂ ಇರಲಿಲ್ಲ!

ಹತ್ತು ವರ್ಷ ಕಳೆಯಿತು. 2017ರ ಮೇನಲ್ಲಿ ಆಪಲ್‌ನ ಆಗಿನ ಮುಖ್ಯಸ್ಥ ಟಿಮ್ ಕುಕ್ ಹೂಡಿಕೆದಾರರಿಗೆ ಲೆಕ್ಕ ಒಪ್ಪಿಸುತ್ತಾ, ಮುಂದಿನ ಐಫೋನ್ ಬಗ್ಗೆ ಬೇಗ ಬೇಗ ಸುದ್ದಿ ಬರುತ್ತಿರುವುದರಿಂದ ಜನ ಖರೀದಿ ಮುಂದೂಡುತ್ತಿದ್ದಾರೆ ಅಂದರು. ಮಾರಾಟ ಕುಗ್ಗಿದಾಗ ಹೇಳಲು ಅನುಕೂಲದ ನೆಪ ಅಂತ ನನಗೂ ಅನ್ನಿಸಿತ್ತು. ಆದರೆ ಸುಳ್ಳೂ ಅಲ್ಲ. ಇನ್ನೆರಡು ತಿಂಗಳು ತಡೆದರೆ ಹೊಸದು ಬರುತ್ತದೆ ಅಂತ ಒಡೆದ ಸ್ಕ್ರೀನನ್ನೇ ಉಜ್ಜುತ್ತಾ ಕೂತವರಲ್ಲಿ ನಾನೂ ಒಬ್ಬ. ಮರುವರ್ಷ ಆಪಲ್ ತನ್ನ ಸಿಬ್ಬಂದಿಗೆ ಎಚ್ಚರಿಕೆ ಪತ್ರ ಕಳಿಸಿತು. ಲೀಕ್ ಆದರೆ ಈಗಿನ ಮಾದರಿಯ ಮಾರಾಟ ಬೀಳುತ್ತದೆ, ಎದುರಾಳಿಗಳಿಗೆ ತಯಾರಾಗಲು ಸಮಯ ಸಿಗುತ್ತದೆ, 2017ರಲ್ಲಿ 29 ಜನರನ್ನು ಹಿಡಿದಿದ್ದೇವೆ ಅಂತೆಲ್ಲ ಅದರಲ್ಲಿತ್ತು. ನಮಗೆ ಇದೆಲ್ಲ ಹೇಗೆ ಗೊತ್ತು ಅಂದರೆ, ಆ ಪತ್ರವೂ ಲೀಕ್ ಆಯಿತು.

ಇನ್ನು ಬೇಕಂತಲೇ ಬಿಡುವ ಲೀಕ್. ಆಪಲ್‌ನ ಮಾಜಿ ಮ್ಯಾನೇಜರ್ ಜಾನ್ ಮಾರ್ಟೆಲ್ಲಾರೊ 2010ರ ಜನವರಿಯಲ್ಲಿ ಇದರ ಬಗ್ಗೆ ಬರೆದರು. ನಂಬಿಕಸ್ಥ ಪತ್ರಕರ್ತರಿಗೆ ಒಂದು ಫೋನ್ ಕರೆ, ಇಮೇಲ್ ಮಾತ್ರ ಇಲ್ಲ, ಅಷ್ಟೇ ಕೆಲಸ. ಅದೇ ತಿಂಗಳು ಐಪ್ಯಾಡ್ ಬೆಲೆ ಸಾವಿರ ಡಾಲರ್ ಆಸುಪಾಸು ಅಂತ ಗುಲ್ಲೆದ್ದಿತ್ತು. ಜಾಬ್ಸ್ ವೇದಿಕೆಯ ಪರದೆ ಮೇಲೆ 999 ಡಾಲರ್ ಅಂತ ತೋರಿಸಿ, ಆಮೇಲೆ ಅದನ್ನು 499ಕ್ಕೆ ಇಳಿಸಿದರು. ಸಭೆ ಚಪ್ಪಾಳೆ ಹೊಡೆಯಿತು. ಗುಲ್ಲು ಎಬ್ಬಿಸಿದ್ದು ಯಾರೇ ಇರಲಿ, ಲಾಭ ಆಗಿದ್ದು ಆಪಲ್‌ಗೆ.

ಗೂಗಲ್ ಇನ್ನೊಂದು ದಾರಿ ಹಿಡಿಯಿತು. 2019ರ ಜೂನ್‌ನಲ್ಲಿ ತನ್ನ ಹೊಸ ಫೋನ್ ಪಿಕ್ಸೆಲ್ 4ರ ಚಿತ್ರಗಳು ಹರಿದಾಡತೊಡಗಿದಾಗ ತಾನೇ ಅದರ ಹಿಂಬದಿಯ ಫೋಟೋ ಹಾಕಿಬಿಟ್ಟಿತು, ಅಕ್ಟೋಬರ್ ಬಿಡುಗಡೆಗೆ ಇನ್ನೂ ನಾಲ್ಕು ತಿಂಗಳಿತ್ತು. ಸುಮ್ನೆ ಒದ್ದಾಡುವುದಕ್ಕಿಂತ ಇದು ವಾಸಿ. ಆಗ ಅಂಗಡಿಯಲ್ಲಿದ್ದ ಪಿಕ್ಸೆಲ್ 3 ಪಾಡು ಏನು ಅಂತ ಮಾತ್ರ ಯಾರೂ ಕೇಳಲಿಲ್ಲ.

ಗೇಮ್‌ಗಳ ಲೋಕದಲ್ಲಿ ಪೆಟ್ಟು ಬೀಳುವ ಜಾಗವೇ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ರಾಕ್‌ಸ್ಟಾರ್ ಕಂಪನಿ ಇನ್ನೂ ತಯಾರಿಸುತ್ತಿದ್ದ ಗೇಮ್ ಜಿಟಿಎ 6ರ (ಗ್ರ್ಯಾಂಡ್ ಥೆಫ್ಟ್ ಆಟೋ 6) ಸುಮಾರು 90 ವಿಡಿಯೋಗಳು ಕಳುವಾಗಿ ಹೊರಬಂದವು. ಎಲ್ಲ ಅರ್ಧಂಬರ್ಧ ಕೆಲಸ. ಬಣ್ಣ ಬಳಿಯದ ಗೋಡೆ ನೋಡಿ ಮನೆಯೇ ಸರಿಯಿಲ್ಲ ಅಂದಂತೆ ಜನ ಗ್ರಾಫಿಕ್ಸ್ ಬಗ್ಗೆ ಆಡಿಕೊಂಡರು. ಸರಿಪಡಿಸಲು 50 ಲಕ್ಷ ಡಾಲರ್, ಸಿಬ್ಬಂದಿಯ ಸಾವಿರಾರು ಗಂಟೆ ಹೋಯಿತು ಅನ್ನುವ ಲೆಕ್ಕ ಕೋರ್ಟಿಗೆ ಬಂತು. 2023ರ ಡಿಸೆಂಬರ್‌ನಲ್ಲಿ ಅದೇ ಗೇಮಿನ ಟ್ರೇಲರ್ ಹೇಳಿದ ಹೊತ್ತಿಗಿಂತ ಮೊದಲೇ ಲೀಕ್ ಆಯಿತು. ಈ ಸಲ ಕೈಯಲ್ಲಿ ಮುಗಿಸಿಟ್ಟ ಟ್ರೇಲರ್ ಇತ್ತು. ಕಂಪನಿ ಕೂಡಲೇ ತಾನೇ ಅದನ್ನು ಹಾಕಿತು. 24 ಗಂಟೆಯಲ್ಲಿ ಯೂಟ್ಯೂಬಿನಲ್ಲಿ 9 ಕೋಟಿಗೂ ಜಾಸ್ತಿ ಸಲ ನೋಡಿದರು.